ಗುಳೆ ಹೋದ ಮನೆಯ ಮಕ್ಕಳು

ದೀಪಾವಳಿ ಕಳೆದು ಹಿಂಗಾರಿ ಜೋಳ ಮೊಳಕಾಲುದ್ದ ಬರುವ ಹೊತ್ತಿಗೆ ರಾಯಚೂರು, ಯಾದಗಿರಿ, ಕೊಪ್ಪಳ, ಕಲಬುರಗಿ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಶಾಲೆಯ ಹಾಜರಿ ಪುಸ್ತಕ ತೆರೆದು ನೋಡಿದರೆ ಸಾಕು, ಆ ವರ್ಷ ಮಳೆ ಹೇಗೆ ಬಂತೆಂದು ಹೇಳಿಬಿಡಬಹುದು. ಮಳೆ ಕೈಕೊಟ್ಟ ವರ್ಷ ಗೈರುಹಾಜರಿಯ ಗುರುತುಗಳು ಸಾಲುಸಾಲಾಗಿ ಬೀಳತೊಡಗುತ್ತವೆ. ಸಂಜೆ ಬಸ್ ನಿಲ್ದಾಣದಲ್ಲಿ ಗೋಣಿಚೀಲ, ಪಾತ್ರೆಯ ಗಂಟು, ರೊಟ್ಟಿಯ ಬುತ್ತಿ ಹಿಡಿದ ಕುಟುಂಬಗಳು ಬೆಂಗಳೂರಿನ ಬಸ್ಸಿಗೆ ಕಾದು ನಿಂತಿರುತ್ತವೆ. ಕೆಲವರು ಗೋವಾ, ಪುಣೆ, ಮುಂಬಯಿ ಕಡೆಗೆ ಹೊರಟರೆ ತಾಂಡಾಗಳ ಜನ ಕಬ್ಬು ಕಡಿಯಲು ಮಹಾರಾಷ್ಟ್ರದ ದಾರಿ ಹಿಡಿಯುತ್ತಾರೆ. ಇದಕ್ಕೆ ನಮ್ಮ ಕಡೆ ‘ಗುಳೆ’ ಎಂದು ಹೆಸರು.

ಗುಳೆಯ ಬಗ್ಗೆ ಪತ್ರಿಕೆಗಳಲ್ಲಿ ಬರೆದಾಗಲೆಲ್ಲ ಬರ, ಕೂಲಿ, ಮುಂಗಡ ಸಾಲ, ನೀರಾವರಿ ಇವುಗಳ ಚರ್ಚೆ ನಡೆಯುತ್ತದೆ, ನಡೆಯಬೇಕಾದದ್ದೇ. ತಂದೆ ತಾಯಿಯ ಜೊತೆ ಹೋದ ಮಕ್ಕಳ ಬಗ್ಗೆಯೂ ಆಗಾಗ ಬರಹಗಳು ಬರುತ್ತವೆ. ಬೆಂಗಳೂರಿನಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಟೆಂಟ್ ಶಾಲೆಗಳು ನಡೆದದ್ದುಂಟು. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ನಿರ್ಮಾಣ ಸ್ಥಳದಲ್ಲಿ ಶಿಶುವಿಹಾರ ಇರಲೇಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು (ಎಷ್ಟು ಕಡೆ ಇತ್ತು ಎಂಬುದು ಬೇರೆ ಮಾತು). ಆದರೆ ಊರಲ್ಲೇ ಉಳಿದುಕೊಂಡ ಮಕ್ಕಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅವರು ಶಾಲೆಗೆ ಬರುತ್ತಾರೆ, ಬಿಸಿಯೂಟ ಉಣ್ಣುತ್ತಾರೆ, ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಯಾವ ತೊಂದರೆಯೂ ಕಾಣುವುದಿಲ್ಲ. ಈ ಲೇಖನ ಅವರನ್ನು ಕುರಿತದ್ದು.

ನಸುಕಿನಲ್ಲಿ ಹೊರಡುವ ತಾಯಿ

ಗುಳೆ ಹೋಗುವ ಮನೆಗಳಲ್ಲಿ ಒಂದು ರೂಢಿ ಇದೆ. ಸಣ್ಣ ಮಗು ಅತ್ತು ರಂಪ ಮಾಡುತ್ತದೆಂದು ಅದಕ್ಕೆ ಏನೂ ಹೇಳುವುದಿಲ್ಲ. ಮಲಗಿದ ಮಗುವನ್ನು ಎಬ್ಬಿಸದೆ ರಾತ್ರಿಯೋ ನಸುಕಿನಲ್ಲೋ ಹೊರಟುಬಿಡುತ್ತಾರೆ. ಹೆತ್ತ ಕರುಳಿಗೆ ಅಳುವ ಮಗುವನ್ನು ಬಿಟ್ಟು ಬಸ್ಸು ಹತ್ತುವುದು ಸುಲಭವೇ? ಇದರ ಹಿಂದಿರುವುದು ಪ್ರೀತಿಯೇ ಹೊರತು ನಿರ್ಲಕ್ಷ್ಯವಲ್ಲ. ಆದರೆ ಮಗುವಿನ ಕಡೆಯಿಂದ ನೋಡಿದರೆ ಸಂಗತಿ ಬೇರೆಯಾಗಿ ಕಾಣುತ್ತದೆ. ರಾತ್ರಿ ಅವ್ವ ಇದ್ದಳು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಲ್ಲ. ಮುಂದೆ ಆ ಮಗು ನಿದ್ದೆಯನ್ನೇ ನಂಬುವುದಿಲ್ಲ. ನಡುರಾತ್ರಿ ಎದ್ದು ಅಜ್ಜಿಯ ಸೆರಗು ಹಿಡಿದಿದೆಯೇ ಎಂದು ತಡವಿ ನೋಡುತ್ತದೆ. ಐದಾರು ವರ್ಷದ ಮಕ್ಕಳು, ಎಂದೋ ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳಿ ಬೀಳುವುದೂ ಉಂಟು.

ತಾಯಿಯಿಂದ ಅಗಲಿದ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತದೆಂಬುದನ್ನು ಎರಡನೆಯ ಮಹಾಯುದ್ಧದ ನಂತರ ಲಂಡನ್ನಿನಲ್ಲಿ ಜಾನ್ ಬೌಲ್ಬಿ ಎಂಬ ಮನೋವೈದ್ಯರೂ ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಅವರೂ ಬಹಳ ತಾಳ್ಮೆಯಿಂದ ಗಮನಿಸಿದರು. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಒಳರೋಗಿಯಾದ ಮಗುವಿನ ಬಳಿ ತಂದೆ ತಾಯಿ ಇರುವಂತಿರಲಿಲ್ಲ. ಅಂಥ ಎರಡು ವರ್ಷದ ಒಂದು ಮಗುವಿನ ಮೇಲೆ ರಾಬರ್ಟ್‌ಸನ್ 1952ರಲ್ಲಿ ಒಂದು ಚಲನಚಿತ್ರವನ್ನೇ ತಯಾರಿಸಿದರು. ಅವರು ಕಂಡುಕೊಂಡದ್ದು ಮೂರು ಹಂತಗಳನ್ನು. ಮೊದಲು ಮಗು ಅತ್ತು, ಕೂಗಿ, ಬಾಗಿಲ ಕಡೆ ನೋಡಿ ಪ್ರತಿಭಟಿಸುತ್ತದೆ. ಆಮೇಲೆ ಆಸೆ ಕಳೆದುಕೊಂಡು ಮಂಕಾಗಿ ಮೂಲೆ ಹಿಡಿಯುತ್ತದೆ. ಮೂರನೆಯ ಹಂತದಲ್ಲಿ ಮತ್ತೆ ಉಣ್ಣುತ್ತದೆ, ಆಡುತ್ತದೆ, ನಗುತ್ತದೆ. ಆದರೆ ತಾಯಿ ಬಂದಾಗ ಅವಳತ್ತ ನೋಡುವುದೇ ಇಲ್ಲ.

ಈ ಮೂರನೆಯ ಹಂತವನ್ನೇ ಅಂದಿನ ದಾದಿಯರು ‘ಮಗು ಹೊಂದಿಕೊಂಡಿತು’ ಎಂದು ತಿಳಿಯುತ್ತಿದ್ದರಂತೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹಾಗೆಯೇ ತಿಳಿಯುತ್ತಾರೆ. ಗುಳೆ ಹೋದವರು ಮೊಹರಂ ಹಬ್ಬಕ್ಕೋ ಯುಗಾದಿಗೋ ಊರಿಗೆ ಬಂದಾಗ, ಹೊಸ ಅಂಗಿ, ಮಿಠಾಯಿ ತಂದ ತಾಯಿಯ ಬಳಿ ಹೋಗದೆ ಮಗು ಅಜ್ಜಿಯ ಹಿಂದೆ ಅಡಗುತ್ತದೆ. ‘ನೋಡ್ರೀ, ನನ್ನ ಮರತೇ ಬಿಟ್ಟಾದ’ ಎಂದು ತಾಯಿ ಕಣ್ಣೀರು ಹಾಕುತ್ತಾಳೆ. ಮರೆತಿಲ್ಲ; ಮತ್ತೊಮ್ಮೆ ಪೆಟ್ಟು ತಿನ್ನಲು ಅದು ಸಿದ್ಧವಿಲ್ಲ, ಅಷ್ಟೇ.

ಆದ್ದರಿಂದ ಹೊರಡುವವರಿಗೆ ಹೇಳಬೇಕಾದ ಮೊದಲ ಮಾತು, ಹೇಳಿ ಹೋಗಿ ಎಂಬುದು. ಮಗು ಅಳುತ್ತದೆ, ಅಳಲಿ. ಎಲ್ಲಿಗೆ, ಯಾಕೆ, ಯಾರ ಹತ್ತಿರ ಬಿಟ್ಟುಹೋಗುತ್ತಿದ್ದೇವೆ, ಯಾವ ಹಬ್ಬಕ್ಕೆ ಬರುತ್ತೇವೆ ಎಂಬುದನ್ನು ಎರಡು ಮೂರು ದಿನ ಮೊದಲೇ ಹೇಳಬೇಕು. ಬರುವ ದಿನ ಗ್ಯಾರಂಟಿ ಇಲ್ಲದಿದ್ದರೆ ಸುಳ್ಳು ದಿನ ಹೇಳಬಾರದು. ‘ದೀಪಾವಳಿಗೆ ಬರ್ತೀನಿ’ ಎಂದು ಹೇಳಿ ಬಾರದಿದ್ದ ತಾಯಿಗಿಂತ ‘ಯುಗಾದಿಗೇ ಬರೋದು’ ಎಂದು ಹೇಳಿ ಬಂದ ತಾಯಿ ಮೇಲು. ಗೋಡೆಯ ಮೇಲೊಂದು ಕ್ಯಾಲೆಂಡರ್ ಇದ್ದು, ದಿನಕ್ಕೊಂದು ಮನೆಗೆ ಗೀಟು ಹಾಕುವ ಕೆಲಸ ಮಗುವಿಗೇ ಸಿಕ್ಕರೆ ಇನ್ನೂ ಒಳ್ಳೆಯದು. ಸಣ್ಣ ಮಕ್ಕಳಿಗೆ ‘ಐದು ತಿಂಗಳು’ ಎಂಬುದು ಅರ್ಥವಾಗದ ಮಾತು; ಗೀಟು ಹಾಕದೆ ಉಳಿದ ಮನೆಗಳು ಕಡಿಮೆಯಾಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಫೋನಿನ ವಿಷಯದಲ್ಲೂ ಇದೇ. ದಿನಕ್ಕೆ ಮೂರು ಸಲ ಮಾಡಿ ಆಮೇಲೆ ಹದಿನೈದು ದಿನ ಸುಮ್ಮನಿರುವುದಕ್ಕಿಂತ, ವಾರದಲ್ಲಿ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಬರುವ ಒಂದು ಕರೆಗೆ ಬೆಲೆ ಹೆಚ್ಚು.

ಸೋಮವಾರದ ಹೊಟ್ಟೆನೋವು

ಮಕ್ಕಳು ‘ನನಗೆ ದುಃಖವಾಗಿದೆ’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಅವರ ದುಃಖ ದೇಹದ ಮೂಲಕ ಮಾತಾಡುತ್ತದೆ. ಎಂಟನೆಯ ತರಗತಿಯ ಒಬ್ಬ ಹುಡುಗ ಪ್ರತಿ ಸೋಮವಾರ ಎರಡನೆಯ ಅವಧಿಗೆ ಸರಿಯಾಗಿ ‘ಹೊಟ್ಟಿ ನೋಯ್ತದ್ರಿ ಸರ’ ಎನ್ನುತ್ತಿದ್ದ. ಪಾಠ ತಪ್ಪಿಸುವ ನೆಪವೆಂದು ಶಾಲೆಯಲ್ಲಿ ಮಾತಾಯಿತು. ಆಮೇಲೆ ವಿಚಾರಿಸಿದಾಗ ತಿಳಿದದ್ದು, ಅವನ ಅಪ್ಪ ಅವ್ವ ಫೋನು ಮಾಡುತ್ತಿದ್ದದ್ದು ಭಾನುವಾರ ರಾತ್ರಿ ಎಂಬುದು.

ಇದು ನೆಪವಲ್ಲ ಎಂಬುದಕ್ಕೆ ವಿಜ್ಞಾನದ ಆಧಾರವಿದೆ. ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ಹತ್ತನೆಯ ತರಗತಿಯ ಮಕ್ಕಳು ಚಿತ್ರ ಬರೆದು ಗುರುತಿಸುತ್ತಾರೆ. ಹೆದರಿಕೆಯಾದಾಗ ಅವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸದೂತಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಹಾವು ಕಂಡಾಗ ಓಡಿಹೋಗಲು ಇದು ಬೇಕೇ ಬೇಕು. ಹಾವು ಹೋದ ಮೇಲೆ ಎಲ್ಲವೂ ಸ್ವಸ್ಥಾನಕ್ಕೆ ಮರಳಬೇಕು. ಮನೆಯ ಚಿಂತೆ ಹಾಗಲ್ಲ. ಅದು ದಿನಗಟ್ಟಲೆ, ತಿಂಗಳುಗಟ್ಟಲೆ ಇರುತ್ತದೆ. ಆಗ ನಿದ್ದೆ ಕೆಡುತ್ತದೆ, ಗಮನ ಚೆದುರುತ್ತದೆ. ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳ ಜಾಲವೇ ಇದ್ದು, ಅದಕ್ಕೂ ಮಿದುಳಿಗೂ ನೇರ ಸಂಪರ್ಕವಿರುವುದರಿಂದ ಮನಸ್ಸಿನ ಕಳವಳ ಹೊಟ್ಟೆಗೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ. ಈ ಏರಿದ ಒತ್ತಡವನ್ನು ಮಗುವಿನಲ್ಲಿ ಇಳಿಸುವ ಅತ್ಯಂತ ಸಹಜವಾದ ಉಪಾಯವೆಂದರೆ ಮಗು ನಂಬಿದ ಹಿರಿಯರೊಬ್ಬರು ಹತ್ತಿರದಲ್ಲಿರುವುದು.

ತುಂಟತನ ಮಾಡುವವರು, ಹೊಟ್ಟೆನೋವೆನ್ನುವವರು ಹೇಗೋ ಕಣ್ಣಿಗೆ ಬೀಳುತ್ತಾರೆ. ನನಗೆ ಹೆಚ್ಚು ಚಿಂತೆ, ಎಲ್ಲರೂ ಹೊಗಳುವ ಹುಡುಗಿಯರ ಬಗ್ಗೆ. ಹನ್ನೆರಡು ವರ್ಷದ ಹುಡುಗಿ ಬೆಳಿಗ್ಗೆ ಎದ್ದು ನೀರು ತಂದು, ರೊಟ್ಟಿ ಬಡಿದು, ತಮ್ಮನ ತಲೆ ಬಾಚಿ, ಕಣ್ಣು ಕಾಣದ ಅಜ್ಜನಿಗೆ ಚಹಾ ಕೊಟ್ಟು ಶಾಲೆಗೆ ಬರುತ್ತಾಳೆ. ‘ಎಷ್ಟು ಶಾಣ್ಯಾ ಹುಡುಗಿ, ದೊಡ್ಡವರಂಗ ಮನಿ ನಡಸ್ತಾಳ’ ಎಂದು ಓಣಿಯೆಲ್ಲ ಕೊಂಡಾಡುತ್ತದೆ. ಇಷ್ಟು ಹೊಗಳಿಕೆ ಬಿದ್ದ ಮೇಲೆ ಆಕೆ ‘ನನಗೆ ಸಾಕಾಗಿದೆ’ ಎಂದು ಯಾರಿಗೆ ಹೇಳಬೇಕು? ‘ಮನೆ ನಡೆಸಲು ಬಂದಿದೆಯಲ್ಲ’ ಎಂಬ ಅದೇ ಹೊಗಳಿಕೆ ಎರಡು ವರ್ಷದ ನಂತರ ಮದುವೆ ಮಾಡಿಬಿಡಲು ಕಾರಣವಾಗುತ್ತದೆ. ಮೆಚ್ಚುಗೆ ಮಾತಿನ ಬದಲು ಪಕ್ಕದ ಮನೆಯವರು ಒಂದು ಕೊಡ ನೀರು ತಂದು ಹಾಕಿದರೆ ಆಕೆಗೆ ಅರ್ಧ ಗಂಟೆ ಆಡಲು ಸಿಗುತ್ತದೆ.

ಕವಾಯಿ ದ್ವೀಪದ ಪಾಠ

ಇಂಥ ಕಷ್ಟಗಳ ನಡುವೆ ಬೆಳೆದವರೆಲ್ಲ ಕೆಟ್ಟುಹೋಗುತ್ತಾರೆಯೇ? ಇಲ್ಲವೆಂಬುದು ನಮ್ಮೆಲ್ಲರ ಅನುಭವ. ಆದರೆ ಯಾರು ಚೇತರಿಸಿಕೊಳ್ಳುತ್ತಾರೆ, ಯಾಕೆ ಎಂಬುದನ್ನು ಲೆಕ್ಕವಿಟ್ಟು ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ಸಂಗಾತಿ ರುತ್ ಸ್ಮಿತ್. ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರ ತಂಡ ನಲವತ್ತು ವರ್ಷ ಹಿಂಬಾಲಿಸಿತು. ಕಬ್ಬು, ಅನಾನಸು ತೋಟಗಳ ಕೂಲಿಕಾರರೇ ಬಹಳವಿದ್ದ ದ್ವೀಪ ಅದು. ಬಡತನ, ಹೆರಿಗೆಯ ತೊಂದರೆ, ಮನೆಯ ಜಗಳ, ತಂದೆ ತಾಯಿಯ ಕುಡಿತ ಅಥವಾ ಮನೋರೋಗ, ಹೀಗೆ ಹಲವು ಸಂಕಟಗಳು ಒಟ್ಟಿಗೆ ಬಿದ್ದಿದ್ದ ಮಕ್ಕಳನ್ನು ಅವರು ಬೇರೆಯಾಗಿ ಗುರುತಿಸಿದರು. ಅಂಥವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಸಮರ್ಥರಾಗಿ, ಅಂತಃಕರಣವುಳ್ಳವರಾಗಿ ಬೆಳೆದರು. ಹದಿನೆಂಟರ ವಯಸ್ಸಿಗೆ ದಾರಿ ತಪ್ಪಿದ್ದ ಇನ್ನೂ ಅನೇಕರು ಮೂವತ್ತು ನಲವತ್ತರ ಹೊತ್ತಿಗೆ ಸರಿದಾರಿಗೆ ಬಂದಿದ್ದರು.

ಹೀಗೆ ಬೆಳೆದವರ ಬದುಕಿನಲ್ಲಿ ವರ್ನರ್ ಮತ್ತೆ ಮತ್ತೆ ಕಂಡದ್ದು ತಂದೆ ತಾಯಿಯ ಹೊರತಾಗಿ ನೆಚ್ಚಿಕೊಳ್ಳಬಹುದಾದ ಒಬ್ಬ ಹಿರಿಯರನ್ನು. ಅಜ್ಜಿಯೋ ಅಕ್ಕನೋ ನೆರೆಮನೆಯವರೋ ಒಬ್ಬ ಶಿಕ್ಷಕರೋ ಪ್ರಾರ್ಥನಾ ಮಂದಿರದ ಒಬ್ಬ ಹಿರಿಯರೋ ಇದ್ದೇ ಇದ್ದರು. ಭೌತಶಾಸ್ತ್ರದಲ್ಲಿ ನಾವು ಸ್ಪ್ರಿಂಗಿನ ಸ್ಥಿತಿಸ್ಥಾಪಕತ್ವ ಕಲಿಸುತ್ತೇವೆ. ಎಳೆದು ಬಿಟ್ಟರೆ ಮೊದಲಿನ ಉದ್ದಕ್ಕೆ ಬರುತ್ತದೆ. ಮಿತಿ ಮೀರಿ ಎಳೆದರೆ ಬರುವುದಿಲ್ಲ. ಆ ಗುಣ ಇರುವುದು ತಂತಿಯ ಲೋಹದಲ್ಲಿ. ಮಕ್ಕಳ ವಿಷಯದಲ್ಲಿ ಈ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಮಗುವಿನ ಗಟ್ಟಿತನ ಮಗುವಿನೊಳಗೆ ಮಾತ್ರ ಇರುವುದಿಲ್ಲ, ಅದರ ಸುತ್ತಲಿನ ಜನರಲ್ಲಿ ಹಂಚಿಹೋಗಿರುತ್ತದೆ.

ಊರಲ್ಲಿ ಯಾರಿದ್ದಾರೆ?

ಹಾಗಾದರೆ ಆ ಜನ ನಮ್ಮ ಹಳ್ಳಿಗಳಲ್ಲಿ ಯಾರು? ಮೊದಲಿಗೆ ಅಜ್ಜಿ. ಆದರೆ ಅಜ್ಜಿಗೂ ವಯಸ್ಸಾಗಿದೆ, ಮೊಳಕಾಲು ನೋವಿದೆ. ‘ಏನ್ ಮಾಡೂದ್ರಿ ಮಾಸ್ತರ, ಹೊಟ್ಟಿ ಕೇಳಬೇಕಲ್ಲ’ ಎಂದು ಮಗ ಸೊಸೆಯನ್ನು ಕಳಿಸಿ ಮೂರು ಮೊಮ್ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳುವ ಆಕೆಗೂ ಆಸರೆ ಬೇಕು. ಮಕ್ಕಳ ಕ್ಷೇಮದ ಮಾತು ಬಂದಾಗ ಅಜ್ಜಿಯ ವೃದ್ಧಾಪ್ಯ ವೇತನ ತಿಂಗಳಿಗೆ ಸರಿಯಾಗಿ ಬಂತೇ ಎಂದು ಕೇಳುವುದೂ ಮಕ್ಕಳ ಕ್ಷೇಮದ ಕೆಲಸವೇ.

ಆಮೇಲೆ ಅಂಗನವಾಡಿ. ದೇಶದಲ್ಲಿ 1975ರ ಅಕ್ಟೋಬರ್ 2ರಂದು 33 ಕಡೆ ಆರಂಭವಾದ ಈ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಇಂದು ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಯಾವ ಮನೆಯಲ್ಲಿ ಯಾರು ಬಸುರಿ, ಯಾರು ಬೆಂಗಳೂರಿಗೆ ಹೋದರು, ಯಾವ ಮಗು ಸೊರಗಿತು ಎಂಬುದು ಕಾರ್ಯಕರ್ತೆಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಆಶಾ ಕಾರ್ಯಕರ್ತೆಯದೂ ಅದೇ ಮಾತು.

ಮೂರನೆಯವರು ಬಿಸಿಯೂಟದ ಅಡುಗೆಯವರು. ಅಕ್ಷರ ದಾಸೋಹ 2002ರಲ್ಲಿ ಮೊದಲು ಬಂದದ್ದು ನಮ್ಮ ಉತ್ತರದ ಏಳು ಜಿಲ್ಲೆಗಳಿಗೆ. ಶಾಲೆಯಲ್ಲಿ ಶಿಕ್ಷಕರು ವರ್ಗವಾಗಿ ಹೋಗುತ್ತಾರೆ. ಅದೇ ಊರಿನ ಅಡುಗೆಯಾಕೆ ಇರುತ್ತಾಳೆ. ಯಾವ ಮಗು ಎರಡನೆಯ ಸಲ ಅನ್ನ ಕೇಳಿತು, ಯಾವುದು ತಟ್ಟೆಯ ಮುಂದೆ ಸುಮ್ಮನೆ ಕುಳಿತಿತು ಎಂಬುದು ಮೊದಲು ಕಾಣುವುದು ಆಕೆಗೆ. ಆಕೆಗೆ ಸಿಗುವ ಗೌರವಧನ ನೋಡಿದರೆ ಸರ್ಕಾರ ಆಕೆಯನ್ನು ಸೌಟು ಹಿಡಿದ ಕೈಯೆಂದಷ್ಟೇ ಎಣಿಸಿದಂತೆ ಕಾಣುತ್ತದೆ. ಶಾಲೆಯ ಸಭೆಗಳಿಗೆ ಆಕೆಯನ್ನು ಕರೆಯುವ ಪದ್ಧತಿಯೂ ಕಡಿಮೆ.

ಇನ್ನು ಗ್ರಾಮ ಪಂಚಾಯತಿಯ ಗ್ರಂಥಾಲಯ. ನಮ್ಮ ಕಾಲದಲ್ಲಿ ಅಲ್ಲಿ ನಾಲ್ಕು ಹಳೆಯ ಪತ್ರಿಕೆ, ಬೀಗ ಹಾಕಿದ ಒಂದು ಕಪಾಟು ಇರುತ್ತಿತ್ತು. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಡಲಾಯಿತು. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚು. ಎಲ್ಲ ಕಡೆ ಚೆನ್ನಾಗಿವೆ ಎಂದು ಹೇಳಲಾರೆ. ಆದರೆ ಮೇಲ್ವಿಚಾರಕರು ಮನಸ್ಸಿಟ್ಟ ಕಡೆ ಮಕ್ಕಳು ಸಂಜೆ ಐದಕ್ಕೆ ಬಂದು ಕೇರಂ ಆಡುತ್ತಾರೆ, ಚಿತ್ರ ಬರೆಯುತ್ತಾರೆ, ಗಟ್ಟಿಯಾಗಿ ಕಥೆ ಓದುತ್ತಾರೆ. ಶಾಲೆ ಬಿಟ್ಟ ನಂತರ ದೀಪ ಹಚ್ಚುವ ತನಕದ ಹೊತ್ತು, ಖಾಲಿ ಮನೆಗೆ ಹೋಗುವ ಮಗುವಿಗೆ ಬಹಳ ಉದ್ದವಾದ ಹೊತ್ತು. ಆ ಎರಡು ಗಂಟೆಗೆ ಒಂದು ಬಾಗಿಲು ತೆರೆದಿರುವುದು ದೊಡ್ಡ ಸಂಗತಿ. ಎಳೆಯ ಕೂಸುಗಳಿಗಾಗಿ 2023ರಲ್ಲಿ ಸರ್ಕಾರ ಪಂಚಾಯತಿಗಳಲ್ಲಿ 4,000 ‘ಕೂಸಿನ ಮನೆ’ಗಳನ್ನು ಘೋಷಿಸಿತು. ತಾಯಿ ಊರಲ್ಲೇ ಕೂಲಿ ಮಾಡುವಂತಾದರೆ ಕೂಸನ್ನು ಹಗಲು ಅಲ್ಲಿ ಬಿಡಬಹುದು, ಗುಳೆಯ ಅಗತ್ಯವೇ ಅಷ್ಟರಮಟ್ಟಿಗೆ ತಪ್ಪುತ್ತದೆ ಎಂಬುದು ಅದರ ಹಿಂದಿನ ಲೆಕ್ಕ.

ಇವರಲ್ಲದೆ ಯಾವ ಇಲಾಖೆಗೂ ಸೇರದವರಿದ್ದಾರೆ. ಭಜನಾ ಮಂಡಳಿಯಲ್ಲಿ ಹುಡುಗನ ಕೈಗೆ ತಾಳ ಕೊಟ್ಟು ಕೂಡಿಸಿಕೊಳ್ಳುವ ಅಜ್ಜ, ಮೊಹರಮ್ಮಿನ ಹೆಜ್ಜೆ ಕುಣಿತ ಕಲಿಸುವ ಅಣ್ಣ, ಪೆಪ್ಪರಮಿಂಟು ಕೊಳ್ಳಲು ಬಂದವನನ್ನು ‘ನಿಮ್ಮವ್ವ ಫೋನ್ ಮಾಡಿದ್ಲೇನೋ’ ಎಂದು ವಿಚಾರಿಸುವ ಕಿರಾಣಿ ಅಂಗಡಿಯಾಕೆ. ಸ್ವತಃ ಗೊತ್ತಿಲ್ಲದೆಯೇ ಇವರು ಮಾಡುತ್ತಿರುವುದು ಕವಾಯಿಯ ಆ ಹಿರಿಯರು ಮಾಡಿದ ಕೆಲಸವನ್ನೇ.

ಒಂದು ನೋಟ್‌ಬುಕ್ಕು

ಕೊರತೆ ಇರುವುದು ಜನರದ್ದಲ್ಲ. ಅಂಗನವಾಡಿಗೆ ಗೊತ್ತಿರುವುದು ಶಾಲೆಗೆ ಗೊತ್ತಿಲ್ಲ, ಅಡುಗೆಯಾಕೆ ಕಂಡದ್ದು ಗ್ರಂಥಾಲಯಕ್ಕೆ ತಿಳಿಯದು. ನಮ್ಮ ಶಾಲೆಯಲ್ಲಿ ಕೆಲವು ವರ್ಷಗಳಿಂದ ಒಂದು ಸರಳ ಏರ್ಪಾಡು ನಡೆದಿದೆ. ದೀಪಾವಳಿಯ ನಂತರದ ವಾರ ಒಂದು ಸಂಜೆ ಮುಖ್ಯೋಪಾಧ್ಯಾಯರು, ಅಂಗನವಾಡಿಯವರು, ಆಶಾ, ಅಡುಗೆಯವರು, ಗ್ರಂಥಾಲಯದವರು ಮತ್ತು ಎಸ್‌ಡಿಎಂಸಿಯ ಇಬ್ಬರು ತಾಯಂದಿರು ಕೂಡಿ ಕೂರುತ್ತಾರೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಮಗು ಯಾರು, ಈಗ ಯಾರ ಹತ್ತಿರ ಇದೆ, ತಂದೆ ತಾಯಿಯ ಫೋನ್ ನಂಬರು, ದಿನವೂ ಮಾತಾಡಿಸುವವರು ಯಾರು. ನಾಲ್ಕನೆಯ ಕಾಲಂ ಖಾಲಿ ಬಿಡುವಂತಿಲ್ಲ. ಆ ಹೆಸರು ಮಗು ತಾನಾಗಿ ಯಾರ ಬಳಿ ಹೋಗುತ್ತದೋ ಅವರದ್ದಾಗಿರಬೇಕು. ನಾವು ಹಂಚಿಕೊಡುವ ಡ್ಯೂಟಿ ಆಗಬಾರದು. ಆ ವ್ಯಕ್ತಿಯ ಕೆಲಸ ಉಪದೇಶವಲ್ಲ. ದಿನಕ್ಕೊಮ್ಮೆ ಹೆಸರು ಹಿಡಿದು ಕರೆದು, ಉಂಡೆಯಾ ಎಂದು ಕೇಳಿ, ಉತ್ತರ ಬರುವ ತನಕ ನಿಲ್ಲುವುದು.

ಪುಸ್ತಕ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಯಾರ ಮನೆಯ ಸಂಗತಿಯೂ ಕಟ್ಟೆಯ ಹರಟೆಗೆ ಬರಬಾರದು. ಮಗುವನ್ನು ಮಾತಾಡಿಸುವವರು ಯಾರೇ ಆಗಲಿ, ನಾಲ್ಕು ಜನ ಕಾಣುವ ಜಾಗದಲ್ಲಿಯೇ ಮಾತಾಡಿಸಬೇಕು ಎಂಬ ನಿಯಮವೂ ಇದೆ. ಕಾಲ ಹಾಗಿದೆ, ಒಳ್ಳೆಯವರು ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ.

ಇದರಿಂದ ಎಲ್ಲ ಸರಿಹೋಯಿತೆಂದಲ್ಲ. ಬಿಟ್ಟುಹೋದ ಮಕ್ಕಳು ಈಗಲೂ ಇದ್ದಾರೆ. ಊರಿನ ಆಸರೆ ಸಾಲದ ಸಂದರ್ಭಗಳೂ ಬರುತ್ತವೆ. ಮಗು ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, ಮಾತೇ ನಿಲ್ಲಿಸಿದರೆ, ಸಾಯುವ ಮಾತಾಡಿದರೆ, ಮೈಮೇಲೆ ಗಾಯ ಮಾಡಿಕೊಂಡರೆ ‘ದೊಡ್ಡವನಾದ ಮೇಲೆ ಸರಿಹೋಗ್ತಾನೆ’ ಎಂದು ಕಾಯಬಾರದು, ದೇವರ ಹೇಳಿಕೆಯೊಂದನ್ನೇ ನೆಚ್ಚಬಾರದು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಪ್ರಾಥಮಿಕ ಚಿಕಿತ್ಸೆ ಕಲಿಸಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮದೇ ಸೀಮೆಯ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಜಿಲ್ಲಾ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. 2022ರ ಅಕ್ಟೋಬರಿನಿಂದ 14416 ಎಂಬ ‘ಟೆಲಿ ಮನಸ್’ ದೂರವಾಣಿ ಇದ್ದು, ಕನ್ನಡದಲ್ಲಿಯೂ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಹಿಂಸೆ, ಬಾಲ್ಯವಿವಾಹ, ದುಡಿಮೆಗೆ ಕಳಿಸುವ ಸಂಗತಿಯಾದರೆ 1098. ಮುಂಬಯಿಯಲ್ಲಿ 1996ರಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿಯನ್ನು ಈಗ ಸರ್ಕಾರವೇ ನಡೆಸುತ್ತಿದೆ. ಈ ಎರಡು ಸಂಖ್ಯೆಗಳು ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರದಲ್ಲಿರಬೇಕು. ನಾವು ಬರೆಸುವುದು ಸಾಮಾನ್ಯವಾಗಿ ಅಧಿಕಾರಿಗಳ ಕಣ್ಣಿನ ಎತ್ತರದಲ್ಲಿ.

ಊರೇ ನೋಡಿಕೊಳ್ಳುತ್ತದಲ್ಲ ಎಂದು ಸರ್ಕಾರ ಕೈತೊಳೆದುಕೊಳ್ಳುವ ಅಪಾಯವೂ ಇದೆ. ಊರಿನ ಪ್ರೀತಿ ಕೂಲಿಗೆ ಬದಲಿಯಲ್ಲ. ಊರಲ್ಲೇ ಕೆಲಸ, ಹೊಲಕ್ಕೆ ನೀರು ಸಿಕ್ಕರೆ ಯಾವ ತಾಯಿಯೂ ಐದು ತಿಂಗಳು ಮಗುವನ್ನು ಬಿಟ್ಟು ಹೋಗುವುದಿಲ್ಲ. ಪ್ರತಿ ವರ್ಷ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಈ ಮಾತನ್ನು ಮಕ್ಕಳೇ ಎತ್ತುತ್ತಾರೆ. ಶೌಚಾಲಯ, ಆಟದ ಮೈದಾನ, ಬಸ್ಸು ಇವುಗಳ ಬೇಡಿಕೆ ಮುಗಿದ ಮೇಲೆ ಒಂದು ಸಲ ಆರನೆಯ ತರಗತಿಯ ಹುಡುಗಿ ಎದ್ದು ನಿಂತು, ‘ನಮ್ಮ ಅಪ್ಪ ಅವ್ವಗ ಇಲ್ಲೇ ಕೆಲಸ ಕೊಡ್ರಿ’ ಎಂದಳು. ಪಂಚಾಯತಿಯ ಅಭಿವೃದ್ಧಿ ಅಧಿಕಾರಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.

ಈ ವರ್ಷವೂ ಗುಳೆ ಹೋದವರು ಯುಗಾದಿಗೆ ಬರುತ್ತಾರೆ. ಬಂದ ತಾಯಂದಿರಿಗೆ ಒಂದು ಮಾತು: ಅಜ್ಜಿಯ ಹಿಂದೆ ಅಡಗಿದ ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಳ್ಳಬೇಡಿ, ‘ನಾ ಯಾರು ಹೇಳು’ ಎಂದು ನಾಲ್ಕು ಜನರ ಮುಂದೆ ಪರೀಕ್ಷೆ ಮಾಡಬೇಡಿ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯಿರಿ, ಅಜ್ಜಿಯ ಜೊತೆ ಮಾತಾಡುತ್ತಾ ಇರಿ. ಒಂದೆರಡು ದಿನ ಅದು ಕಂಬದ ಮರೆಯಿಂದ ನೋಡುತ್ತದೆ. ಆಮೇಲೆ ಹಿಟ್ಟಿನ ಸಣ್ಣ ಉಂಡೆ ಕೇಳುವ ನೆಪದಲ್ಲಿ ಹತ್ತಿರ ಬರುತ್ತದೆ. ಆಗ ಉಂಡೆ ಕೊಡಿ, ಬೇರೇನೂ ಕೇಳಬೇಡಿ.